ಆಷಾಢದಲ್ಲಿ ಅಳೆದ ನೀರು

ದೇವಿದಾಸನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಇದ್ದಾರೆ. ಆದರೆ ಅವರು ಬರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಯಾರ ಬಗ್ಗೆ ಬರೆಯುತ್ತಾರೆ ಎಂಬುದು ಗೊತ್ತೇ ಇದೆ: ಶಾಲು ಹೊದೆಸಿಕೊಂಡವರ ಬಗ್ಗೆ, ಫಲಕದ ಮೇಲೆ ಹೆಸರು ಕೆತ್ತಿಸಿಕೊಂಡವರ ಬಗ್ಗೆ. ದೇವಿದಾಸನಿಗೆ ಯಾರೂ ಶಾಲು ಹೊದೆಸಿಲ್ಲ. ಅವನು ಅಂಕೋಲಾ ತಾಲೂಕಿನ ಹಾರವಾಡದ ಹತ್ತಿರ, ಮೀನನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಯಂತ್ರ ನೋಡಿಕೊಂಡವನು. ನಾನು ಕಾರವಾರದಲ್ಲಿ ಮೂವತ್ತೊಂದು ವರ್ಷ ಐಟಿಐ ಮಾಸ್ತರನಾಗಿದ್ದು, ಫ್ರಿಜ್ಜು ಕಂಪ್ರೆಸರುಗಳ ಪಾಠ ಹೇಳಿ ನಿವೃತ್ತನಾದವನು. ಅವನಿಗೂ ನಾನೇ ಕಲಿಸಿದ್ದು. ಅವನು ಮಾಡಿದ ಒಂದು ತಪ್ಪಿನಲ್ಲಿ ನನ್ನ ಪಾಲೂ ಇದೆ. ಹಾಗಾಗಿ ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಚೆಂಡಿಯಾದಲ್ಲಿ. ಅಪ್ಪನದು ಒಂದು ಪಾತಿ ದೋಣಿ, ಮನೆಯ ಹಿಂದೆ ಸ್ವಲ್ಪ ಜಾಗ, ಅದರಲ್ಲಿ ಹದಿನಾಲ್ಕು ತೆಂಗಿನ ಮರ. ದೇವಿದಾಸ ಹೈಸ್ಕೂಲಿನಲ್ಲಿದ್ದಾಗ ಜಾಗ ನೌಕಾನೆಲೆಗೆ ಹೋಯಿತು, ಮನೆಯವರು ಪುನರ್ವಸತಿ ಕಾಲನಿಗೆ ಬಂದರು. ಅಲ್ಲಿಂದ ಸಮುದ್ರಕ್ಕೆ ಹೋಗಬೇಕೆಂದರೆ ಬಸ್ಸು ಹತ್ತಬೇಕು. ಬಸ್ಸು ಹತ್ತಿ ಮೀನು ಹಿಡಿಯಲು ಹೋಗುವವನು ಮೀನುಗಾರನೇ ಅಲ್ಲ ಎಂದು ಅಪ್ಪ ದೋಣಿ ಮಾರಿದ. ಆಮೇಲೆ ಅವನಿಗೆ ಉಳಿದದ್ದು ಒಂದೇ ಮಾತು: ಜಾಗ ಅಳೆಯುವಾಗ ಐದು ಗುಂಟೆ ಕಡಿಮೆ ಹಿಡಿದರು, ತಾನು ಆಗ ಹಗ್ಗದ ತುದಿ ಹಿಡಿದುಕೊಳ್ಳದೆ ಮನೆಯೊಳಗೆ ಕೂತೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಸಾಯುವ ವಾರದವರೆಗೂ ಅದನ್ನೇ ಹೇಳಿದನಂತೆ.

ಇಂಥ ಅಪ್ಪನ ಮಗ ನನ್ನ ತರಗತಿಗೆ ಬಂದಾಗ ಅವನಿಗೆ ಒಂದು ಚಟ ಅಂಟಿಕೊಂಡೇ ಇತ್ತು. ಬೇರೆಯವರು ಹೇಳಿದ ಅಳತೆಯನ್ನು ಅವನು ನಂಬುತ್ತಿರಲಿಲ್ಲ. ಪೈಪು ಅರ್ಧ ಇಂಚಿನದು ಎಂದು ನಾನು ಹೇಳಿದರೆ ತಲೆಯಾಡಿಸಿ, ನಾನು ಬೆನ್ನು ತಿರುಗಿಸಿದ ಕೂಡಲೇ ಅಳೆದು ನೋಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಮೂವತ್ತೊಂದು ವರ್ಷದಲ್ಲಿ ನನ್ನ ಮಾತನ್ನು ಪರೀಕ್ಷೆ ಮಾಡಿದವನು ಅವನೊಬ್ಬನೇ. ಉಳಿದವರು ಬರೆದುಕೊಂಡರು, ಪಾಸಾದರು, ಮರೆತರು.

ತಂಪು ಗೋಪುರದ ಪಾಠ ಬಂದಾಗ ನಾನು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದೆ. ಮೀನಿನಿಂದ ತೆಗೆದ ಬಿಸಿ ಎಲ್ಲಿಗೋ ಹೋಗಲೇಬೇಕಲ್ಲ. ಆ ಬಿಸಿಯನ್ನು ಯಂತ್ರ ನೀರಿಗೆ ಕೊಡುತ್ತದೆ, ಜೊತೆಗೆ ತಾನು ದುಡಿದ ಬಿಸಿಯನ್ನೂ ಸೇರಿಸುತ್ತದೆ. ಬಿಸಿಯಾದ ನೀರನ್ನು ಗೋಪುರದ ಮೇಲಿಂದ ಸುರಿಸಿ ಗಾಳಿ ಊದಿದರೆ, ಸ್ವಲ್ಪ ನೀರು ಆವಿಯಾಗಿ ಹಾರಿಹೋಗಿ ಉಳಿದದ್ದನ್ನು ತಂಪು ಮಾಡುತ್ತದೆ. ಒಂದು ಲೀಟರ್ ಆವಿಯಾದರೆ ನೂರು ಲೀಟರ್ ಹೆಚ್ಚುಕಡಿಮೆ ಆರು ಡಿಗ್ರಿ ತಂಪಾಗುತ್ತದೆ. ಇಷ್ಟು ನೆನಪಿಟ್ಟರೆ ಸಾಕು, ಉಳಿದ ಲೆಕ್ಕ ಅದರ ಬಾಲ ಹಿಡಿದು ಬರುತ್ತದೆ ಎನ್ನುತ್ತಿದ್ದೆ. ದೇವಿದಾಸ ಕೈ ಎತ್ತಿ, ಆ ಹಾರಿಹೋದ ಒಂದು ಲೀಟರ್ ಯಾರದು ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. ಪಾಠ ಮುಂದುವರಿಸಿದೆ.

ಗೋವಾದಲ್ಲಿ ಕೆಲವು ವರ್ಷ ಐಸ್ ಫ್ಯಾಕ್ಟರಿಗಳಲ್ಲಿ ದುಡಿದು ಅವನು ಹಿಂತಿರುಗಿದ. ಹಾರವಾಡದ ಕಡೆಯ ವೈಜಯಂತಿಯನ್ನು ಮದುವೆಯಾಗಿ ಅತ್ತೆಯ ಮನೆಯಲ್ಲೇ ನಿಂತ. ಮನೆ ಅಳಿಯನ ಸ್ಥಿತಿ ನಮ್ಮಲ್ಲಿ ಹೇಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಕರೆಯುತ್ತಾರೆ, ಮಾತಿಗೆ ಕರೆಯುವುದಿಲ್ಲ. ಕೇರಿಯಲ್ಲಿ ಹನ್ನೊಂದು ಮನೆ, ಎಲ್ಲ ಕಡಲಿಗೆ ಹೋಗುವವರು. ಅತ್ತೆ ಗಂಗೂ ಗಂಡ ಸತ್ತ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಅಂಕೋಲಾ ಪೇಟೆಯಲ್ಲಿ ಮೀನು ಮಾರಿ ಮಗಳನ್ನು ಬೆಳೆಸಿದವಳು. ಅವಳ ಹಿತ್ತಲಲ್ಲಿ ಒಂದು ಬಾವಿ. ಸಮುದ್ರ ಅಲ್ಲಿಂದ ಕಲ್ಲೆಸೆದರೆ ಬೀಳುವಷ್ಟು ಹತ್ತಿರ, ಆದರೂ ನೀರು ಸಿಹಿ. ಹನ್ನೊಂದು ಮನೆಯೂ ಅದನ್ನೇ ಕುಡಿಯುತ್ತಿತ್ತು. ಮರಳಿನ ಅಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಮೇಲಿನದನ್ನು ಎಳೆದಷ್ಟೂ ಕೆಳಗಿನದು ಏರುತ್ತದೆ. ಇದು ಕೇರಿಯವರಿಗೆ ಯಾವ ಪಾಠವೂ ಇಲ್ಲದೆ ಗೊತ್ತಿತ್ತು. ಅದಕ್ಕೇ ಆ ಬಾವಿಗೆ ಪಂಪು ಇಡಲು ಗಂಗೂ ಯಾರಿಗೂ ಬಿಟ್ಟಿರಲಿಲ್ಲ. ಕೊಡಪಾನ, ಹಗ್ಗ, ಕೈ, ಅಷ್ಟೇ.

ಕಾರ್ಖಾನೆ ಬಂದದ್ದು ಕೇರಿಗೂ ಹೆದ್ದಾರಿಗೂ ನಡುವಿನ ಜಾಗದಲ್ಲಿ. ದೇವಿದಾಸ ಅಲ್ಲಿ ಆಪರೇಟರ್ ಆದ. ವೈಜಯಂತಿಯೂ ಕೇರಿಯ ಇನ್ನಾರು ಹೆಂಗಸರೂ ಮೀನು ಆರಿಸುವ ಮೇಜಿಗೆ ಸೇರಿದರು. ಒಂಬತ್ತು ವರ್ಷ ಗೋಪುರದ ನೀರನ್ನು ಟ್ಯಾಂಕರಿನಲ್ಲಿ ತರಿಸುತ್ತಿದ್ದರು. ಆಮೇಲೆ ಮ್ಯಾನೇಜರಾಗಿ ಸೂರಜ್ ಎಂಬವನು ಬಂದ. ಒಳ್ಳೆಯ ಮಾತಿನವನು, ಇಸ್ತ್ರಿ ಮಾಡಿದ ಅಂಗಿಯವನು, ಎಲ್ಲರನ್ನೂ ಹೆಸರು ಹಿಡಿದು ಕರೆಯುವವನು. ಮೀನು ತೊಳೆಯಲು ನಲ್ಲಿಯ ನೀರಿದೆ, ಗೋಪುರಕ್ಕೆ ಮಾತ್ರ ನಮ್ಮ ಜಾಗದಲ್ಲೇ ಒಂದು ಬಾವಿ ತೆಗೆಯೋಣ ಎಂದು ಅವನು ಅರ್ಜಿ ಹಾಕಿದ. ದಿನಕ್ಕೆ ಎಷ್ಟು ನೀರು ಬೇಕು ಎಂದು ಪಂಚಾಯ್ತಿ ಕೇಳಿತು. ಸೂರಜ್ ಆ ಪ್ರಶ್ನೆಯನ್ನು ದೇವಿದಾಸನ ಕೈಗೆ ಕೊಟ್ಟ. ನೀನೇ ಅಳೆ, ನೀನು ಈ ಕೇರಿಯವನು, ನಿನ್ನ ಅಂಕಿಯನ್ನು ಜನ ನಂಬುತ್ತಾರೆ ಎಂದ.

ದೇವಿದಾಸನಿಗೆ ಹೆಮ್ಮೆಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಹಗ್ಗದ ತುದಿ ಯಾರೋ ಹಿಡಿಯುವ ಕಾಲ ಹೋಗಿ ಅದು ತನ್ನ ಕೈಗೆ ಬಂದಿದೆ ಅನ್ನಿಸಿರಬೇಕು.

ಅವನು ಅಳೆದದ್ದು ಜುಲೈಯಲ್ಲಿ, ಆಷಾಢದ ನಡುವೆ. ಅಲ್ಲಿಯೇ ಎಲ್ಲ ಕೆಟ್ಟದ್ದು. ಕರಾವಳಿಯಲ್ಲಿ ಜೂನ್ ಮತ್ತು ಜುಲೈ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್, ಸರ್ಕಾರದ ಬ್ಯಾನ್. ಮೀನುಗಾರರ ಮನೆಯಲ್ಲಿ ಇಡೀ ವರ್ಷದ ರಿಪೇರಿ ನಡೆಯುವುದು ಆಗಲೇ. ಬಲೆ ಬಿಡಿಸಿ ಹರಿದ ಕಣ್ಣು ಹೊಲಿಯುವುದು, ಕಣ್ಣಿನ ಅಗಲವನ್ನು ಬೆರಳಲ್ಲಿ ಅಳೆಯುವುದು, ಎಂಜಿನ್ ಬಿಚ್ಚುವುದು, ಹಗ್ಗ ಎಷ್ಟು ಮಾರು ಉಳಿದಿದೆ ನೋಡುವುದು. ಅಳತೆ ಎಂದರೆ ಬಂದ್ ಇರುವಾಗ ಮಾಡುವ ಕೆಲಸ. ಸೀಸನ್ನಿನಲ್ಲಿ ಯಾವನೂ ಕೂತು ಅಳೆಯುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ದೇವಿದಾಸನ ಅಪ್ಪ, ಅಜ್ಜ ಎಲ್ಲ ಹಾಗೇ ಬದುಕಿದವರು. ಕಾರ್ಖಾನೆಯಲ್ಲೂ ಆಗ ಮೀನಿಲ್ಲ, ಯಂತ್ರ ತಣ್ಣಗೆ ಕೂತಿದೆ, ಕೈ ಖಾಲಿ ಇದೆ. ಈಗ ಅಳೆಯದೆ ಇನ್ನು ಯಾವಾಗ ಎಂದು ಅವನಿಗೆ ಅನ್ನಿಸಿದ್ದು ಸಹಜ. ಬೇರೆ ಯಾವ ಊರಿನ ಆಪರೇಟರನೂ ಈ ತಪ್ಪು ಮಾಡುತ್ತಿರಲಿಲ್ಲ.

ಅವನು ಮಾಡಿದ ಪರೀಕ್ಷೆ ಅಚ್ಚುಕಟ್ಟಾಗಿತ್ತು. ಗೋಪುರದ ಕೆಳಗಿನ ತೊಟ್ಟಿ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ. ಹೊಸ ನೀರು ಬರುವ ಕವಾಟ ಮುಚ್ಚಿದ, ತೊಟ್ಟಿಯ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ, ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಎದುರಿಗೇ ಕೂತ. ಹತ್ತು ತಾಸಿನಲ್ಲಿ ನೀರು ನಾಲ್ಕು ಬೆರಳು ಇಳಿಯಿತು. ಗುಣಿಸಿದರೆ ಎಂಟುನೂರ ಅರವತ್ತು ಲೀಟರ್. ದಿನಕ್ಕೆ ಎರಡು ಸಾವಿರದ ಮೇಲೆ ಸ್ವಲ್ಪ. ನಾಲ್ಕು ಸಂಸಾರದ ಖರ್ಚು. ಆ ದಿನ ಶೀತಲ ಕೋಣೆಗಾಗಿ ಒಂದೇ ಒಂದು ಸಣ್ಣ ಪಂಪು ಓಡುತ್ತಿತ್ತು, ಮೇಲಿಂದ ಬಿದ್ದ ನೀರು ಎರಡು ಡಿಗ್ರಿಯೂ ತಂಪಾಗುತ್ತಿರಲಿಲ್ಲ, ಹೊರಗೆ ಸುರಿಯುತ್ತಿದ್ದ ಮಳೆ ತೊಟ್ಟಿಯೊಳಕ್ಕೂ ಬೀಳುತ್ತಿತ್ತು. ಹೋದ ನೀರಿನಲ್ಲಿ ಒಂದಿಷ್ಟನ್ನು ಆಕಾಶವೇ ತುಂಬಿಕೊಡುತ್ತಿತ್ತು.

ಮರುದಿನ ಆ ಕಾಗದ ಹಿಡಿದು ಅವನು ಕಾರವಾರಕ್ಕೆ, ನನ್ನ ಮನೆಗೆ ಬಂದ. ಕೊಡೆಯಿಂದ ನೀರು ಸೋರುತ್ತಿತ್ತು. ಚಹಾ ಕೊಟ್ಟೆ. ಮಾಸ್ತರೆ, ಒಮ್ಮೆ ನೋಡಿ ಅಂದ. ನಾನು ಉದ್ದ ಅಗಲ ನೋಡಿದೆ, ಗುಣಾಕಾರ ನೋಡಿದೆ, ಭಾಗಾಕಾರ ನೋಡಿದೆ. ಎಲ್ಲ ಸರಿ. ನನ್ನ ವಿದ್ಯಾರ್ಥಿ ತೊಟ್ಟಿಯ ಮುಂದೆ ಹತ್ತು ತಾಸು ಕೂತನಲ್ಲ ಎಂದು ಖುಷಿಯಾಗಿ ಕೆಳಗೆ "ಲೆಕ್ಕ ಪರಿಶೀಲಿಸಿದೆ, ಸರಿ ಇದೆ" ಎಂದು ಬರೆದು ಸಹಿ ಹಾಕಿದೆ. ಕಿಟಕಿಯ ಹೊರಗೆ ಧೋ ಎಂದು ಮಳೆ. ಯಾವ ತಿಂಗಳು, ಎಷ್ಟು ಯಂತ್ರ ಓಡುತ್ತಿತ್ತು ಎಂದು ನಾನು ಕೇಳಲಿಲ್ಲ. ಮೂವತ್ತೊಂದು ವರ್ಷ ಆ ಪಾಠ ಹೇಳಿದ ಮನುಷ್ಯ ಕೇಳಲಿಲ್ಲ. ಕಲಿಸುವುದಕ್ಕೂ ತಿಳಿದಿರುವುದಕ್ಕೂ ಎಷ್ಟು ದೂರ ಎಂದು ಆಮೇಲೆ ಗೊತ್ತಾಯಿತು.

ಗೋಪುರ ಮಾಡಿದವರು ಕೊಟ್ಟ ಪುಸ್ತಕದಲ್ಲಿ, ಪೂರ್ತಿ ಕೆಲಸವಿದ್ದಾಗ ಎಷ್ಟು ನೀರು ಆವಿಯಾಗುತ್ತದೆ ಎಂದು ಮುದ್ರಿಸಿಯೇ ಇರುತ್ತಾರೆ. ಆ ಪುಸ್ತಕ ಸೂರಜನ ಕಪಾಟಿನಲ್ಲಿತ್ತು. ಅವನು ಅದನ್ನು ತೆಗೆಯಲಿಲ್ಲ. ದೇವಿದಾಸನ ಕಾಗದವನ್ನು ಮಾತ್ರ ತೆಗೆದುಕೊಂಡು, ತುಂಬಾ ಚೆನ್ನಾಗಿ ಮಾಡಿದ್ದೀಯ ಎಂದು ಬೆನ್ನು ತಟ್ಟಿದನಂತೆ.

ಕೇರಿಯವರು ಒಪ್ಪಿದ್ದು ಆ ಕಾಗದ ನೋಡಿ ಅಲ್ಲ. ಕಾಗದ ಓದುವ ಜನ ಅಲ್ಲ ಅವರು. ಪಂಚಾಯ್ತಿ ಸಭೆಯಲ್ಲಿ ಎಲ್ಲರೂ ಗಂಗೂ ಕಡೆ ನೋಡಿದರು, ಬಾವಿ ಅವಳದು. ಗಂಗೂ ಅಳಿಯನ ಕಡೆ ನೋಡಿದಳು. ನಾಲ್ಕು ಮನೆ ಕುಡಿಯುವಷ್ಟೇ ನೀರು ಎಂದು ಅವನು ಎಲ್ಲರ ಎದುರು ಹೇಳಿದ, ಅವಳು ಹ್ಞೂಂ ಅಂದಳು. ಆ ದಿನದಿಂದ ಕೇರಿಯಲ್ಲಿ ಅವನನ್ನು ಮಾತಿಗೂ ಕರೆಯತೊಡಗಿದರು. ದೋಣಿಯ ಪಾಲಿನ ಜಗಳವಿರಲಿ, ಮದುವೆಯ ಮಾತುಕತೆಯಿರಲಿ, ದೇವಿದಾಸ ಏನೆನ್ನುತ್ತಾನೆ ಕೇಳಿ ಎನ್ನುವಷ್ಟಾಯಿತು. ಒಂದೂವರೆ ವರ್ಷ ಅವನು ಆ ಸುಖದಲ್ಲಿದ್ದ.

ಕಾರ್ಖಾನೆ ತನ್ನ ಬಾವಿ ತೋಡಿಸಿ ಪಂಪು ಇಟ್ಟ ಮೇಲೆ ಮೊದಲ ಬೇಸಿಗೆಯಲ್ಲಿ ಗಂಗೂ ಬಾವಿಯ ನೀರು ಸ್ವಲ್ಪ ಉಪ್ಪುಪ್ಪಾಯಿತು, ಮಳೆಗಾಲದಲ್ಲಿ ಸರಿಹೋಯಿತು. ಎರಡನೆಯ ಬೇಸಿಗೆಯಲ್ಲಿ, ಮಾರ್ಚ್ ಮುಗಿಯುವ ಮುನ್ನ, ಗಂಗೂ ಚಹಾಕ್ಕೆ ಹಾಕಿದ ಹಾಲು ಒಡೆಯಿತು. ಹಾಲು ಹಳತು ಎಂದು ಅಂಗಡಿಯವನನ್ನು ಬೈದರು. ಮರುದಿನ ಪಕ್ಕದ ಮನೆಯಲ್ಲೂ ಒಡೆಯಿತು. ಅನ್ನಕ್ಕೆ ಉಪ್ಪು ಹಾಕುವುದೇ ಬೇಡವಾಯಿತು, ಸಾಬೂನು ನೊರೆ ಬಿಡಲಿಲ್ಲ, ಹಿತ್ತಲ ಬಸಳೆ ಅಂಚಿನಿಂದ ಸುಟ್ಟುಕೊಂಡು ಬಂತು. ಏಪ್ರಿಲ್ ಹೊತ್ತಿಗೆ ಹನ್ನೊಂದು ಮನೆಯ ಹೆಂಗಸರು ಹೆದ್ದಾರಿಯಾಚೆಯ ನಲ್ಲಿಗೆ ಕೊಡ ಹೊತ್ತರು. ಎಪ್ಪತ್ತರ ಗಂಗೂವೂ ಹೊತ್ತಳು. ಲಾರಿಗಳ ನಡುವೆ ರಸ್ತೆ ದಾಟುವುದನ್ನು ಕಂಡವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಡಲು ಒಳಗೆ ಬಂದಿದೆ, ಕಾಲ ಕೆಟ್ಟಿದೆ ಎಂದು ಕೇರಿಯವರು ಅಂದುಕೊಂಡರು. ಕಾರ್ಖಾನೆಯ ಮೇಲೆ ಅನುಮಾನ ಬಂದವರೂ ಬಾಯಿ ಬಿಡಲಿಲ್ಲ. ದಿನಕ್ಕೆ ನಾಲ್ಕು ಮನೆಯ ನೀರು ಎಂದು ನಮ್ಮ ದೇವಿದಾಸನೇ ಅಳೆದಿದ್ದಾನಲ್ಲ.

ಅವನಿಗೆ ಮಾತ್ರ ನಿದ್ದೆ ಬರಲಿಲ್ಲ. ಒಂದು ದಿನ, ಬಂಗುಡೆ ರಾಶಿ ಬಂದು ಯಂತ್ರಗಳೆಲ್ಲ ಒಟ್ಟಿಗೆ ಕೂಗುತ್ತಿದ್ದಾಗ, ಮಟಮಟ ಮಧ್ಯಾಹ್ನ, ಯಾರನ್ನೂ ಕೇಳದೆ ಅದೇ ಕವಾಟ ಮುಚ್ಚಿ ಅದೇ ಗೋಡೆಗೆ ಗೆರೆ ಹಾಕಿದ. ನಾಲ್ಕು ಬೆರಳು ಇಳಿಯಲು ಒಂದು ತಾಸು ಸಾಕಾಯಿತು. ನಂಬದೆ ಇನ್ನೊಂದು ತಾಸು ಕೂತ. ಮತ್ತೆ ನಾಲ್ಕು. ಆಮೇಲೆ ಲೆಕ್ಕದ ಹಾದಿಯಿಂದಲೂ ನೋಡಿದ. ಗಂಟೆಗೆ ತೊಂಬತ್ತು ಸಾವಿರ ಲೀಟರ್ ಸುತ್ತುತ್ತಿದೆ, ಆರು ಡಿಗ್ರಿ ಇಳಿಯುತ್ತಿದೆ, ನೂರಕ್ಕೊಂದು ಎಂದರೆ ಗಂಟೆಗೆ ಒಂಬತ್ತುನೂರು. ದಿನಕ್ಕೆ ಇಪ್ಪತ್ತೊಂದು ಸಾವಿರದ ಮೇಲೆ. ಅದೂ ಹಾರಿಹೋದದ್ದು ಮಾತ್ರ. ಆವಿ ಹೋಗುವಾಗ ಉಪ್ಪನ್ನು ಬಿಟ್ಟುಹೋಗುತ್ತದೆ. ಉಪ್ಪು ಸೇರಿ ಪೈಪು ಕಟ್ಟಬಾರದೆಂದು ತೊಟ್ಟಿಯ ನೀರನ್ನು ಆಗಾಗ ಚೆಲ್ಲಬೇಕು, ಅದು ಇನ್ನೂ ಹತ್ತು ಸಾವಿರ. ಒಟ್ಟು ಮೂವತ್ತೆರಡು ಸಾವಿರ. ಅವನು ಊರಿಗೆ ಹೇಳಿದ್ದು ಎರಡು ಸಾವಿರ.

ಆ ಸಂಜೆಯೇ ನನ್ನ ಮನೆಗೆ ಬಂದ. ಒಳಗೆ ಬಾ ಅಂದರೂ ಬರದೆ ಮೆಟ್ಟಿಲ ಮೇಲೆ ಕೂತ.

"ಮಾಸ್ತರೆ, ನಮ್ದು ತಪ್ಪಾಯ್ತು," ಅಂದ. "ಬ್ಯಾನ್ ಇದ್ದಾಗ ಅಳತೆ ಮಾಡೂಕೆ ಹೋದದ್ದೇ ತಪ್ಪು. ಬಾವಿ ಹಾಳು ಮಾಡದ್ದು ಕಂಪನಿ ಅಲ್ಲ, ನಾನು."

ನಮ್ದು ಅಂದವನು ಕೊನೆಗೆ ನಾನು ಅಂದದ್ದನ್ನು ನಾನು ಗಮನಿಸಿದೆ. ನನ್ನನ್ನು ಅವನು ಅಷ್ಟು ಬೇಗ ಹೊರಗಿಟ್ಟದ್ದಕ್ಕೆ ಸಮಾಧಾನವೂ ಆಯಿತು. ನಾಚಿಕೆಯ ಸಂಗತಿ, ಆದರೆ ಆದದ್ದು ಹಾಗೆ.

ಆಗಲೇ ಸೂರಜ್ ಎರಡನೆಯ ಗೋಪುರಕ್ಕೂ ಇನ್ನೊಂದು ಬಾವಿಗೂ ಅರ್ಜಿ ಹಾಕಿದ್ದ. ಮೇ ತಿಂಗಳಲ್ಲಿ ಸಭೆ, ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಅಲ್ಲಿ ನಿಜವಾದ ಅಂಕಿ ಹೇಳಿಬಿಡುತ್ತೇನೆ ಎಂದು ದೇವಿದಾಸ ಹೇಳಿದ. ಆ ಅಂಕಿ ಒಪ್ಪಿದರೆ ಮೊದಲ ಅನುಮತಿಯೂ ರದ್ದಾಗಿ ಪಂಪು ನಿಲ್ಲುತ್ತದೆ, ಎರಡು ಮಳೆಗಾಲ ಕಳೆದರೆ ಗಂಗೂ ಬಾವಿ ಮತ್ತೆ ಸಿಹಿಯಾದರೂ ಆದೀತು. ಕಾರ್ಖಾನೆಯ ಎರಡನೆಯ ಬಾವಿಯೂ ಆದರೆ ಅದರ ಆಸೆ ಬಿಡಬೇಕಾದ್ದೇ. ಆದರೆ ತನ್ನೊಬ್ಬನ ಮಾತು ಈಗ ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಿಂದಿನ ಕಾಗದದಲ್ಲಿ ಅವನದೇ ಸಹಿ ಇದೆ. ಮಳೆಗಾಲದ ಅಳತೆ ಯಾಕೆ ಸುಳ್ಳಾಗುತ್ತದೆ ಎಂದು ತಿಳಿದವರೊಬ್ಬರು ಎದ್ದು ಹೇಳಬೇಕು. ಬರ್ತೀರಾ ಮಾಸ್ತರೆ ಎಂದು ಕೇಳಿದ. ಬರ್ತೇನೆ, ಹೇಳ್ತೇನೆ ಅಂದೆ. ಅವನ ಹೆಗಲ ಮೇಲೆ ಕೈಯನ್ನೂ ಇಟ್ಟೆ.

ಸಭೆಗೆ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು. ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು, ಎಳನೀರು ಕೊಟ್ಟರು. ಹಿಂದೆ ನೆಲದ ಮೇಲೆ ಕೇರಿಯ ಹೆಂಗಸರು, ಅವರ ನಡುವೆ ಗಂಗೂ ಮತ್ತು ವೈಜಯಂತಿ. ಅಧಿಕಾರಿ ಗಡಿಯಾರ ನೋಡುತ್ತಿದ್ದರು, ಊಟ ಕುಮಟೆಯಲ್ಲಿ ಎಂದು ಯಾರೋ ಹೇಳಿದರು. ದೇವಿದಾಸ ಎದ್ದು ನಿಂತ. ನೇರ ಅಧಿಕಾರಿಯ ಕಡೆ ತಿರುಗಿದ.

"ಆ ಅಳತೆ ನಾ ಮಾಡದ್ದು ಬ್ಯಾನ್ ಇದ್ದಾಗ," ಅಂದ. "ಮಷಿನ್ ಎಲ್ಲಾ ಬಂದ್ ಇತ್ತು, ಮಳೆ ಬೇರೆ ಹೊಡೀತಿತ್ತು. ಸೀಸನ್ನಲ್ಲಿ ದಿನಕ್ಕೆ ಮೂವತ್ತೆರಡು ಸಾವಿರ ಹೋಗ್ತದೆ. ನಮ್ಮ ಬಾವಿ ಉಪ್ಪಾದದ್ದು ಅದಕೇ. ಆಗ ನಾ ಹೇಳದ್ದು ತಪ್ಪು, ಈಗ ಹೇಳೂದು ಖರೆ."

ಸೂರಜ್ ಸಿಟ್ಟಾಗಲಿಲ್ಲ. ಫೈಲಿನಿಂದ ಹಳೆಯ ಕಾಗದ ತೆಗೆದು ಅಧಿಕಾರಿಯ ಮುಂದಿಟ್ಟ. ಹತ್ತು ತಾಸು ಎದುರಿಗೆ ಕೂತು ಅಳೆದದ್ದು ಇವರೇ, ಸಹಿ ಇವರದೇ, ಈಗ ಮನೆಯವರ ಒತ್ತಡಕ್ಕೆ ಹದಿನಾರು ಪಟ್ಟು ಹೆಚ್ಚಿಗೆ ಹೇಳುತ್ತಿದ್ದಾರೆ, ಪಾಪ, ಅವರದೂ ತಪ್ಪಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ.

"ಮಾಸ್ತರು ಇಲ್ಲೇ ಇದ್ದಾರೆ. ಇದನ್ನು ಪರಿಶೀಲಿಸಿ ಸಹಿ ಹಾಕಿದವರು ಅವರು. ಸರ್, ಈ ಲೆಕ್ಕದಲ್ಲಿ ತಪ್ಪಿದೆಯಾ?"

ಕಾಗದ ನನ್ನ ಕೈಗೆ ಬಂತು. ನನ್ನದೇ ಅಕ್ಷರ, ಅಡಿಗೆರೆ ಹಾಕಿದ ನನ್ನದೇ ಸಹಿ. ಹೇಳಬೇಕಾದದ್ದು ಎರಡು ವಾಕ್ಯ. ಗುಣಾಕಾರ ಸರಿ, ತಿಂಗಳು ತಪ್ಪು. ಎರಡನೆಯ ವಾಕ್ಯ ಹೇಳಿದರೆ ಅಧಿಕಾರಿ ಕೇಳುವ ಪ್ರಶ್ನೆ ನನಗೆ ಕಾಣುತ್ತಿತ್ತು: ಹಾಗಾದರೆ ನೀವು ಸಹಿ ಹಾಕುವಾಗ ಏನು ನೋಡಿದಿರಿ? ನನ್ನ ಹಳೆಯ ವಿದ್ಯಾರ್ಥಿಗಳು ಮೂವರು ಆ ಕೋಣೆಯಲ್ಲಿದ್ದರು. ಊರಿನಲ್ಲಿ ನನಗೆ ಮಾಸ್ತರು ಎಂಬ ಹೆಸರು ಬಿಟ್ಟರೆ ಇರುವುದೇನು.

"ಲೆಕ್ಕದಲ್ಲಿ ತಪ್ಪಿಲ್ಲ," ಅಂದೆ.

ಇನ್ನೊಂದು ವಾಕ್ಯಕ್ಕಾಗಿ ದೇವಿದಾಸ ನನ್ನನ್ನೇ ನೋಡುತ್ತಿದ್ದ. ಅಧಿಕಾರಿ ಸರಿ ಹಾಗಾದರೆ ಎಂದು ಪೆನ್ನಿನ ಮುಚ್ಚಳ ತೆಗೆದರು. ನಾನು ಎಳನೀರಿನ ಬುರುಡೆ ಎಲ್ಲಿಡುವುದು ಎಂದು ಹುಡುಕುತ್ತಿದ್ದೆ. ಹಿಂದಿನಿಂದ ಗಂಗೂ ಎದ್ದಳು. ಅವಳು ಅಧಿಕಾರಿಯನ್ನೂ ನೋಡಲಿಲ್ಲ, ಸೂರಜನನ್ನೂ ನೋಡಲಿಲ್ಲ, ಅಳಿಯನಿಗೆ ಮಾತ್ರ ಹೇಳಿದಳು.

"ಆಗ ನೀ ಹೇಳ್ದೆ, ನಂಬ್ದೆ. ಈಗೂ ನಂಬ್ತೆ. ಎರಡು ಸಲವೂ ಹೋದದ್ದು ನಮ್ಮ ನೀರೇ ಅಲ್ವಾ."

ಎರಡನೆಯ ಬಾವಿಗೆ ಅನುಮತಿ ಸಿಕ್ಕಿತು. ದೇವಿದಾಸನನ್ನು ಕೆಲಸದಿಂದ ತೆಗೆಯಲಿಲ್ಲ. ಸೂರಜ್ ಅಂಥ ದಡ್ಡನಲ್ಲ. ಅವನನ್ನು ಗೋಪುರದ ಹತ್ತಿರ ಹೋಗದಂತೆ ಮಾಡಿ ಪ್ಲಾಸ್ಟಿಕ್ ಪೆಟ್ಟಿಗೆ ತೊಳೆಯುವ ಕಡೆ ಹಾಕಿದ. ಕೇರಿಗೆ ಕಂಪನಿಯ ಖರ್ಚಿನಲ್ಲಿ ದಿನ ಬಿಟ್ಟು ದಿನ ಟ್ಯಾಂಕರ್ ಬರತೊಡಗಿತು, ಅದರ ಮೇಲೆ ಕಂಪನಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಮೀನು ಆರಿಸುವ ಏಳು ಹೆಂಗಸರಲ್ಲಿ ಯಾರೂ ಕೆಲಸ ಬಿಡಲಿಲ್ಲ, ವೈಜಯಂತಿಯೂ ಬಿಡಲಿಲ್ಲ. ಬಿಟ್ಟು ತಿನ್ನುವುದೇನು. ಕೇರಿಯ ಮಾತುಕತೆಗಳಿಗೆ ದೇವಿದಾಸನನ್ನು ಯಾರೂ ಕರೆಯುವುದಿಲ್ಲ. ಬೈಯುವುದೂ ಇಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ನಾನು ಅವನಿಗೆ ಫೋನ್ ಮಾಡಲಿಲ್ಲ. ಅವನ ಫೋನ್ ಬಂದರೂ ಎತ್ತುವುದು ಬೇಡ ಎಂದು ನಿಶ್ಚಯಿಸಿದ್ದೆ, ಮೂರು ತಿಂಗಳು ಅದು ಬರಲೂ ಇಲ್ಲ. ಕಾರವಾರದ ಪೇಟೆಯಲ್ಲಿ ಹಾರವಾಡದ ಕಡೆಯವರು ಕಂಡರೆ ದಾರಿ ಬದಲಿಸುತ್ತಿದ್ದೆ. ಗಣೇಶ ಚೌತಿಗೆ ಎರಡು ದಿನ ಇರುವಾಗ ಅವನೇ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ ಸೌತೆಕಾಯಿ. ಪೆಟ್ಟಿಗೆ ತೊಳೆದು ತೊಳೆದು ಅವನ ಬೆರಳ ಸಂದುಗಳು ಬಿಳಿಚಿ ಬಿರುಕು ಬಿಟ್ಟಿದ್ದವು. ಈಗ ಬೈಯುತ್ತಾನೆ ಎಂದು ನಾನು ಮೈ ಬಿಗಿಹಿಡಿದು ಕೂತೆ. ಬೈದರೆ ಹೇಳಲು ಉತ್ತರಗಳನ್ನೂ ಜೋಡಿಸಿಟ್ಟಿದ್ದೆ.

ಅವನು ಮಳೆಯ ವಿಷಯ ಮಾತಾಡಿದ, ಈ ಸಲ ಬಂಗುಡೆ ಕಡಿಮೆ ಎಂದ. ಮಗಳು ಪ್ರಗತಿ ಲೆಕ್ಕದಲ್ಲಿ ಚುರುಕಾಗಿದ್ದಾಳೆ, ಆದರೆ ತಾನು ಕೂತು ಹೇಳಿಕೊಡುವುದನ್ನು ಬಿಟ್ಟಿದ್ದೇನೆ ಎಂದ. ನಾನು ಚಹಾದ ಲೋಟ ಅವನ ಮುಂದಕ್ಕೆ ಸರಿಸಿದೆ. ಚಹಾ ಕುಡಿದು ಎದ್ದ. ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದ.

"ಆವತ್ತು ಮಾಸ್ತರು ಎಂತಕೆ ಪೂರ್ತಿ ಹೇಳ್ಲಿಲ್ಲ ಅಂತ ಮನೇಲಿ ಕೇಳ್ತಿದ್ರು. ನಿಮ್ಗೆ ಮೈಯೆಲ್ಲ ಜ್ವರ ಇತ್ತು, ಆದ್ರೂ ನನ್ನ ಸಲುವಾಗಿ ಬಂದಿದ್ರು ಅಂತ ಹೇಳೀನಿ. ಯಾರಾದ್ರೂ ಕೇಳಿದ್ರೆ ನೀವೂ ಹಂಗೇ ಹೇಳಿ."

ನಾನು ಬಾಗಿಲಲ್ಲಿ ನಿಂತಿದ್ದೆ. ಇಲ್ಲ ದೇವಿದಾಸ, ನನಗೆ ಜ್ವರ ಇರಲಿಲ್ಲ, ನಾನೇ ಬಂದು ಕೇರಿಯಲ್ಲಿ ಹೇಳುತ್ತೇನೆ, ಅಧಿಕಾರಿಗೂ ಬರೆದು ಕೊಡುತ್ತೇನೆ ಎನ್ನಬಹುದಿತ್ತು. ಅವನು ಗೇಟು ದಾಟುವಷ್ಟು ಸಮಯವೂ ಇತ್ತು. ಹುಷಾರು, ರಸ್ತೆ ಜಾರುತ್ತದೆ ಅಂದೆ.

ಕಳೆದ ವಾರ ಯಾವುದೋ ಕೆಲಸಕ್ಕೆ ಅಂಕೋಲೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೊರಗೆ ಗಂಗೂ ಕೂತಿದ್ದಳು, ಎದುರಿಗೆ ಸ್ವಲ್ಪ ಒಣಮೀನು. ನಾನು ನೋಡದವನಂತೆ ದಾಟಲು ಹೊರಟೆ, ಅವಳೇ ಕೂಗಿ ಕರೆದಳು. ಹತ್ತಿರ ಹೋದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಆ ಮುಖದಲ್ಲಿ ಮರುಕ ಬಿಟ್ಟರೆ ಬೇರೇನೂ ಇರಲಿಲ್ಲ.

"ಜ್ವರ ಬಿಡ್ತಾ ಮಾಸ್ತರೆ?" ಎಂದು ಕೇಳಿದಳು.

ಬಿಟ್ಟಿದೆ ಅಂದೆ.